ಎಲ್ಲದರಲ್ಲೂ ಇದರದೇ ಕೈವಾಡ

‘ಹೇಗೋ ಮ್ಯಾನೇಜ್ ಮಾಡಿ’ ಅನ್ನುವ ಮಾತನ್ನು ಮೊದಲು ಆಡಿದವರು ಯಾರೋ, ಅವರನ್ನು ನನಗೊಮ್ಮೆ ತೋರಿಸಿ. ನಿನ್ನೆ ಸಂಜೆಯಿಂದ ಹುಡುಕುತ್ತಿದ್ದೇನೆ. ಪಕ್ಕದ ಸೀಟಿನವರು ದೀರ್ಘ ರಜೆ ಹಾಕಿ ಹೋದರು. ಅವರ ಕೆಲಸ ಯಾರು ಮಾಡಬೇಕು ಸಾರ್ ಅಂತ ಕೇಳಿದ್ದಕ್ಕೆ ನಮ್ಮ ಮ್ಯಾನೇಜರ್ ಕೊಟ್ಟ ಉತ್ತರ ಇದು.

ಅವರಿಗೆ ಗೊತ್ತಿರುವ ಉತ್ತರ ಇದೊಂದೇ. ಪ್ರಿಂಟರ್ ಕಾಗದ ನುಂಗಿ ಕೂತಿದೆ ಸಾರ್. ಮ್ಯಾನೇಜ್ ಮಾಡಿ. ನೆಟ್ ಇಲ್ಲ ಸಾರ್. ಮ್ಯಾನೇಜ್ ಮಾಡಿ. ಇನ್ನು ನನ್ನ ಕುರ್ಚಿ. ಅದರ ಒಂದು ಚಕ್ರ ಬಿದ್ದುಹೋಗಿದೆ, ಎಡಕ್ಕೆ ವಾಲುತ್ತದೆ ಅಂದೆ. ‘ಸ್ವಲ್ಪ ಬಲಕ್ಕೆ ಕೂತು ಮ್ಯಾನೇಜ್ ಮಾಡಿ’ ಅಂದರು. ಹಾಗೆ ಹೇಳುವಾಗ ಅವರ ಬಲಗೈ ನೊಣ ಓಡಿಸುವ ಹಾಗೆ ಗಾಳಿಯಲ್ಲಿ ಒಂದು ಸುತ್ತು ಸುತ್ತುತ್ತದೆ. ಮಾತು ಮುಗಿಯುವ ಮೊದಲೇ ಕೈ ಇನ್ನೊಬ್ಬರ ಸಮಸ್ಯೆಯ ಕಡೆ ಹೊರಟಿರುತ್ತದೆ. ಫೋನಿನಲ್ಲಿ ಮಾತಾಡುವಾಗಲೂ ಆ ಕೈ ಸುಮ್ನೆ ಇರುವುದಿಲ್ಲ.

ಸಿಟ್ಟಿಗೆ ನಿಘಂಟು ತೆಗೆದೆ. ನೋಡಿದರೆ ಮೂಲದಲ್ಲೇ ಕೈ ಇದೆ! ಲ್ಯಾಟಿನ್‌ನಲ್ಲಿ ‘ಮಾನುಸ್’ ಅಂದರೆ ಕೈ. ಅದರಿಂದ ಇಟಾಲಿಯನ್‌ನ ‘ಮನೆಜ್ಜಾರೆ’, ಅಂದರೆ ಕುದುರೆಯನ್ನು ಕೈಯಲ್ಲಿ ಹಿಡಿದು ಪಳಗಿಸುವುದು. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ‘ಮ್ಯಾನೇಜ್’ ಕುದುರೆ ಲಾಯದ ಮಾತಾಗಿತ್ತು. ಅಂದಮೇಲೆ ಆಫೀಸಿನಲ್ಲಿ ಲಗಾಮು ಯಾರ ಕೈಯಲ್ಲಿ, ಹುಲ್ಲು ಯಾರ ಪಾಲಿಗೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಇನ್ನೊಂದು ವಿಷಯ. ಗಂಡಸು, ಮನುಷ್ಯ ಅನ್ನುವ ‘ಮ್ಯಾನ್’ ಬೇರೆಯೇ ಶಬ್ದ, ಅದು ಜರ್ಮಾನಿಕ್ ಕಡೆಯದು. ಮ್ಯಾನೇಜರ್ ಒಳಗೆ ಮನುಷ್ಯನನ್ನು ಹುಡುಕಬೇಡಿ ಅಂತ ಭಾಷಾಶಾಸ್ತ್ರವೇ ಹೇಳುತ್ತಿದೆ.

ಆಮೇಲೆ ಕೈ ಎಲ್ಲೆಲ್ಲೂ ಕಾಣತೊಡಗಿತು. ಯಾರೂ ಓದದ ಮ್ಯಾನ್ಯುಯಲ್ ಅದರದೇ ಮಗ. ‘ಮೇಂಟೇನ್’ ಅಂದರೆ ಕೈಯಲ್ಲಿ ಹಿಡಿದುಕೊಳ್ಳುವುದು. ಆಫೀಸಿನಲ್ಲಿ ಬರೀ ರಿಜಿಸ್ಟರ್ ಮೇಂಟೇನ್ ಆಗುತ್ತದೆ, ಲಿಫ್ಟ್ ಆಗುವುದಿಲ್ಲ. ‘ಮ್ಯಾನುಫ್ಯಾಕ್ಚರ್’ ಅಂದರೆ ಮೊದಲು ಕೈಯಿಂದ ಮಾಡಿದ್ದು, ಈಗ ಕೈ ತಾಗಿಸದೇ ಮಾಡಿದ್ದು. ನನಗೆ ಜಾಸ್ತಿ ಖುಷಿ ಕೊಟ್ಟ ಜೋಡಿ ಬೇರೆ ಇದೆ. ಸೇನೆಯವರ ತಂತ್ರದ ನಡೆ ‘ಮನೂವರ್’, ಹೊಲಕ್ಕೆ ಹಾಕುವ ‘ಮೆನ್ಯೂರ್’ ಎರಡೂ ಒಂದೇ ಬಳ್ಳಿಯವು. ಎರಡರ ಹಿಂದೆಯೂ ಇರುವುದು ಕೈಯಿಂದ ದುಡಿ ಅನ್ನುವ ಅರ್ಥ. ಹೊಲದಲ್ಲಿ ದುಡಿಯುವುದು ಅಂತಿದ್ದದ್ದು ಹೊಲಕ್ಕೆ ಹಾಕುವ ಗೊಬ್ಬರವೇ ಆಗಿಹೋಯಿತು. ಮೀಟಿಂಗಿನಲ್ಲಿ ನಮ್ಮವರು ಯೋಜನೆ ವಿವರಿಸುವಾಗ ಇವೆರಡರಲ್ಲಿ ಯಾವುದು ನಡೆಯುತ್ತಿದೆ ಅನ್ನುವ ಅನುಮಾನ ನನಗೆ ಮೊದಲಿಂದಲೂ ಇತ್ತು.

ಮ್ಯಾನುಸ್ಕ್ರಿಪ್ಟ್ ಹತ್ತಿರ ಮಾತ್ರ ಸ್ವಲ್ಪ ಹೊತ್ತು ನಿಂತೆ. ಕೈಯಿಂದ ಬರೆದದ್ದು. ಹಿಂದೆ ಕವರಿನ ಮೇಲಿನ ವಿಳಾಸ ನೋಡಿಯೇ ಕಾಗದ ಯಾರದ್ದು ಅಂತ ಹೇಳಬಹುದಿತ್ತು. ಅಪ್ಪನ ಅಕ್ಷರ ಬಲಕ್ಕೆ ಬಾಗಿರುತ್ತಿತ್ತು, ಕೊನೆಯ ಸಾಲು ಜಾಗ ಸಾಲದೆ ಅಂಚಿನಲ್ಲಿ ಮೇಲಕ್ಕೆ ಹತ್ತುತ್ತಿತ್ತು. ಈಗ ಪ್ರೀತಿಸುವವರು, ಬೈಯುವವರು, ಬಡ್ಡಿ ಕೇಳುವವರು ಎಲ್ಲರಿಗೂ ಒಂದೇ ಫಾಂಟ್.

ಇರಲಿ. ಕೊನೆಗೆ ಸಿಕ್ಕಿದ್ದು ‘ಇಮ್ಯಾನ್ಸಿಪೇಷನ್’. ಬಿಡುಗಡೆ. ಅಲ್ಲೂ ಕೈ ಇದೆ, ಆದರೆ ಇದು ಹಿಡಿತದಿಂದ ಬಿಡಿಸುವ ಶಬ್ದ. ರೋಮಿನಲ್ಲಿ ಮಗ ಎಷ್ಟೇ ದೊಡ್ಡವನಾದರೂ ಅಪ್ಪನ ಅಧಿಕಾರದಲ್ಲೇ ಇರಬೇಕಿತ್ತು. ಕ್ರಿ.ಪೂ. 450ರ ಸುಮಾರಿನ ಹನ್ನೆರಡು ಫಲಕಗಳ ಕಾನೂನಿನಲ್ಲಿ ಇದಕ್ಕೊಂದು ದಾರಿ ಇತ್ತು. ಅಪ್ಪ ಮಗನನ್ನು ಮೂರು ಸಲ ಮಾರಿದರೆ ಮಗ ಸ್ವತಂತ್ರ.

ನಮ್ಮ ಮ್ಯಾನೇಜರ್ ನನ್ನನ್ನು ಈಗಾಗಲೇ ಅಕೌಂಟ್ಸಿಗೆ ಒಮ್ಮೆ, ಸ್ಟೋರ್ಸಿಗೆ ಒಮ್ಮೆ ಸಾಗಹಾಕಿ ವಾಪಸ್ ಕರೆಸಿಕೊಂಡಿದ್ದಾರೆ. ಇನ್ನೊಂದೇ ಸಲ ಸಾರ್, ದಯವಿಟ್ಟು.