ಕಷ್ಟದ ಹೊತ್ತಿನ ಮೊರೆ ಯಾವ ನುಡಿಯಲ್ಲಿ?

ಹೊರನಾಡಿನಲ್ಲಿ ನೆಲೆಸಿದ ಎಷ್ಟೋ ಕನ್ನಡ ಕ್ರೈಸ್ತರಿಗೆ ಭಾನುವಾರದ ಆರಾಧನೆ ಬೇರೆ ನುಡಿಯಲ್ಲಿ ನಡೆಯುತ್ತದೆ. ಸ್ತುತಿಗೆ, ಕೃತಜ್ಞತೆಗೆ ಆ ನುಡಿ ಸಾಕು. ಆದರೆ ಕೆಲಸ ಹೋದಾಗ, ತುರ್ತು ಚಿಕಿತ್ಸೆಯ ಕೋಣೆಯ ಹೊರಗೆ ಕಾಯುವಾಗ ಕಲಿತ ನುಡಿ ಕೈಕೊಡುತ್ತದೆ. ಆಗ ಕನ್ನಡದಲ್ಲೇ ಮೊರೆಯಿಡಬೇಕು. ಯೇಸುಸ್ವಾಮಿ ಶಿಲುಬೆಯ ಮೇಲೆ ಕೂಗಿದ್ದು ಮನೆಮಾತಾದ ಅರಮಾಯಿಕದಲ್ಲಿ. ಗ್ರೀಕಿನಲ್ಲಿ ಸುವಾರ್ತೆ ಬರೆದ ಮಾರ್ಕನು ಕೂಡ 'ಎಲೋಹಿ, ಎಲೋಹಿ, ಲಮಾ ಸಬಕ್ತಾನೀ' ಎಂದು ಆ ಕೂಗನ್ನು ಹಾಗೆಯೇ ಉಳಿಸಿದ. 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ' ಎಂದು ಅದರ ಅರ್ಥ. ಅದು ಬೈಬಲಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳಲ್ಲಿ 22ನೆಯದರ ಮೊದಲ ಮಾತು.

ಇಂದಿನ ಅನೇಕ ಪ್ರಾರ್ಥನಾ ಕೂಟಗಳಲ್ಲಿ ಮೊದಲು ವಂದನೆ, ಆಮೇಲೆ ಬೇಡಿಕೆಗಳ ಪಟ್ಟಿ, ಕೊನೆಗೆ ಜಯಘೋಷ. ಕೀರ್ತನೆಗಳ ದಾರಿ ಬೇರೆ, ಅಲ್ಲಿ ದೂರಿಗೂ ಜಾಗವಿದೆ. 13ನೆಯ ಕೀರ್ತನೆಯನ್ನೇ ತೆಗೆದುಕೊಳ್ಳಿ. ಇರುವುದು 6 ವಚನ. ಮೊದಲ ಎರಡರಲ್ಲಿ 'ಎಷ್ಟರವರೆಗೆ' ಎಂಬ ಪ್ರಶ್ನೆ ನಾಲ್ಕು ಸಲ, ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ಗಟ್ಟಿಯಾಗಿ, ನಿಧಾನವಾಗಿ ಓದಿ. 2ನೆಯ ವಚನ ಮುಗಿದಾಗ ನಿಂತು, ನಿಮ್ಮ ಕಷ್ಟವನ್ನು ಅಲಂಕಾರವಿಲ್ಲದ ಒಂದೇ ವಾಕ್ಯದಲ್ಲಿ ಹೇಳಿ: 'ಔಷಧಿ ನಾಟುತ್ತಿಲ್ಲ, ನನಗೆ ಭಯವಾಗುತ್ತಿದೆ.' 4ರ ನಂತರ ಒಂದೇ ಒಂದು ಬೇಡಿಕೆ. 5ನೆಯ ವಚನ ಬಾಯಿಗೆ ಬರದಿದ್ದರೆ ಅಂದಿಗೆ ಅಲ್ಲಿಗೇ ಬಿಡಿ. ಎಡವಟ್ಟಾಗುವುದು ಇಲ್ಲೇ. ಇಲ್ಲದ ಭರವಸೆಯನ್ನು ಬಲವಂತವಾಗಿ ಹೇಳಿದವರು ತಮ್ಮ ನಂಬಿಕೆಯೇ ಸುಳ್ಳೆಂದುಕೊಂಡು ಪ್ರಾರ್ಥನೆಯನ್ನೇ ಬಿಟ್ಟುಬಿಡುತ್ತಾರೆ. 88ನೆಯ ಕೀರ್ತನೆ ಮುಗಿಯುವುದು ಕತ್ತಲೆಯಲ್ಲಿ, ಆದರೂ ಅದು ಪವಿತ್ರ ಗ್ರಂಥದಲ್ಲಿದೆ.

ಸ್ವಂತ ಮಾತೇ ಹುಟ್ಟದ ದಿನಗಳಿಗೆ ಬಾಯಿಪಾಠದ ಪ್ರಾರ್ಥನೆ ಇದೆ. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಒಂದು ನಿಮಿಷವೂ ಹಿಡಿಯದು. ಕಥೋಲಿಕರ ಜಪಸರದಲ್ಲಿ ಹತ್ತು ಮಣಿಗಳ ಐದು ಗುಂಪು, ಮನಸ್ಸು ನಿಲ್ಲದಾಗ ಬೆರಳು ದಾರಿ ಹಿಡಿದಿರುತ್ತದೆ. ಇದನ್ನು ಗಿಳಿಪಾಠ ಎನ್ನುವವರು, ಯೇಸು ಸೆರೆಯಾಗುವ ಮುನ್ನ ಪ್ರಾರ್ಥಿಸಿದ ಗೆತ್ಸೇಮನೆಯನ್ನು ನೆನೆಯಲಿ. ಅಲ್ಲಿ ಯೇಸು ಮೂರನೆಯ ಸಲವೂ ಅದೇ ಮಾತುಗಳಲ್ಲಿ ಪ್ರಾರ್ಥಿಸಿದರೆಂದು ಮತ್ತಾಯನು ಬರೆದಿದ್ದಾನೆ.

ಪ್ರಾರ್ಥನೆಯ ಬಲವನ್ನು ಫಲಿತಾಂಶದಿಂದ ಅಳೆಯುವುದನ್ನು ನಾನು ಒಪ್ಪಲಾರೆ. ಬೈಬಲಿನ ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರನು ಸೆರೆಯಿಂದ ಬಿಡುಗಡೆಯಾಗುತ್ತಾನೆ, ಅದೇ ಅಧ್ಯಾಯದಲ್ಲಿ ಇನ್ನೊಬ್ಬ ಶಿಷ್ಯ ಯಾಕೋಬನು ಕತ್ತಿಗೆ ಬಲಿಯಾಗುತ್ತಾನೆ. ಯಾಕೋಬನಿಗಾಗಿ ಅತ್ತವರ ಪ್ರೀತಿ ಕಡಿಮೆಯಿತ್ತೆಂದು ಯಾರು ಹೇಳಬಲ್ಲರು? ಪೌಲನು ಮೂರು ಸಲ ಬೇಡಿದರೂ 'ಶರೀರದ ಮುಳ್ಳು' ಎಂದು ಅವನು ಕರೆದ ಬಾಧೆ ಹೋಗಲಿಲ್ಲ. ಅದನ್ನು ಹೊತ್ತು ನಡೆಯಲು ಕೃಪೆ ಸಿಕ್ಕಿತು.

ಇನ್ನೊಬ್ಬರಿಗಾಗಿ ಪ್ರಾರ್ಥಿಸಲು ಹೋಗುವವರಿಗೆ ಒಂದು ಮಾತು. ಬೈಬಲಿನಲ್ಲಿ ಇನ್ನೊಬ್ಬ ಯಾಕೋಬನ ಹೆಸರಿನಲ್ಲಿರುವ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಸಭೆಯ ಹಿರಿಯರನ್ನು ಕರೆಸುವುದು ರೋಗಿಯೇ. ಹಾಗಾಗಿ ಮೊದಲು ಕೇಳಿ: ಏನಕ್ಕಾಗಿ ಪ್ರಾರ್ಥಿಸಲಿ, ತಲೆಯ ಮೇಲೆ ಕೈ ಇಡಬಹುದೇ? ಇಬ್ಬರು ಮೂವರಿಗಿಂತ ಹೆಚ್ಚು ಜನ ಬೇಡ, ಎರಡು ಮೂರು ನಿಮಿಷ ಸಾಕು. ಕಣ್ಣು ಮುಚ್ಚಿ ದೇವರ ಹೆಸರಿನಲ್ಲಿ ರೋಗಿಗೆ ಉಪದೇಶ ಮಾಡಬೇಡಿ. ಔಷಧಿ ನಿಲ್ಲಿಸಿ ಎಂದು ಎಂದಿಗೂ ಹೇಳಬೇಡಿ. ಕೇಳಿದ ಗುಟ್ಟನ್ನು ಪ್ರಾರ್ಥನಾ ವಿಷಯವೆಂದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಆಮೆನ್ ಆದ ಕೂಡಲೇ ಎದ್ದು ಹೊರಡದೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ. ಅವರು ಹೇಳಬೇಕೆಂದುಕೊಂಡಿದ್ದ ಮಾತು ಎಷ್ಟೋ ಸಲ ಆಗಲೇ ಹೊರಬರುತ್ತದೆ.