ಮೊದಲ ವರ್ಷದ ಗೊಂಚಲು ಕೀಳಲೇಬೇಕು

ಯೋಹಾನ 15ನೇ ಅಧ್ಯಾಯದ ಮೇಲೆ ಪ್ರಸಂಗ ಕೇಳದ ಕ್ರೈಸ್ತರು ಬಹಳ ಕಡಿಮೆ. "ನಾನೇ ನಿಜವಾದ ದ್ರಾಕ್ಷೇಬಳ್ಳಿ, ನನ್ನ ತಂದೆ ತೋಟಗಾರನು." ಪ್ರಸಂಗದ ಕೊನೆಗೆ ಬರುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ನಿನ್ನಲ್ಲಿ ಫಲ ಎಲ್ಲಿ? ದ್ರಾಕ್ಷಿ ಬೆಳೆಯುವವರು ಬಳ್ಳಿಯನ್ನು ವರ್ಷದ ಎಲ್ಲ ತಿಂಗಳೂ ಈ ಪ್ರಶ್ನೆ ಕೇಳುವುದಿಲ್ಲ. ಯಾವಾಗ ಕೇಳಬಾರದು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ಸಭೆಗಳಿಗೆ ಅದು ಗೊತ್ತಿಲ್ಲದೆ ಎಷ್ಟೋ ಎಳೆಯ ವಿಶ್ವಾಸಿಗಳು ಬತ್ತಿಹೋಗುತ್ತಿದ್ದಾರೆ.

ವಿಜಯಪುರ, ತಿಕೋಟಾ ಕಡೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ: ಏಪ್ರಿಲ್‌ದೊಂದು, ಅಕ್ಟೋಬರ್‌ದೊಂದು. ಯೇಸು ಮಾತಾಡಿದ ನಾಡಿನಲ್ಲಿ ಚಳಿಗಾಲಕ್ಕೆ ಬಳ್ಳಿ ತಾನೇ ಎಲೆ ಉದುರಿಸಿ ಮಲಗುತ್ತದೆ, ಮುಖ್ಯ ಚಾಟ್ನಿ ಆಗಲೇ ಮುಗಿಯುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲ, ಬಳ್ಳಿಗೆ ಋತು ತೋರಿಸುವುದು ಕತ್ತರಿಯೇ. ಏಪ್ರಿಲ್‌ನಲ್ಲಿ ಹಣ್ಣು ಕೊಟ್ಟು ಮುಗಿದ ಕಡ್ಡಿಗಳನ್ನು ಬುಡದ ಒಂದು ಕಣ್ಣಿನ (ಚಿಗುರೊಡೆಯುವ ಮೊಗ್ಗಿನ) ತನಕ ಇಳಿಸುತ್ತಾರೆ. ತೋಟ ಬೋಳು ಬೋಳು. ಹೊಸ ಚಿಗುರು ಏಳೆಂಟು ಎಲೆ ಬಿಟ್ಟಾಗ ಅದರ ಕುಡಿಯನ್ನೂ ಚಿವುಟುತ್ತಾರೆ. ಪಕ್ಕದ ಕಣ್ಣು ಒಡೆದು ಸಬ್‌ಕೇನ್, ಅಂದರೆ ಉಪಕಡ್ಡಿ, ಬರುತ್ತದೆ.

ಚಾಟ್ನಿಯಾದ ಸುಮಾರು 40ರಿಂದ 60 ದಿನಗಳ ನಡುವೆ ಎಲೆಯ ಬುಡದ ಪುಟ್ಟ ಕಣ್ಣಿನೊಳಗೆ ಬರುವ ಫೆಬ್ರುವರಿಯ ಗೊಂಚಲು ತೀರ್ಮಾನವಾಗುತ್ತದೆ. ಹೊರಗಿನಿಂದ ನೋಡಿದರೆ ಬರೀ ಹಸಿರು. ಆ ದಿನಗಳಲ್ಲಿ ಬಿಸಿಲು ಕಡ್ಡಿಗೆ, ಕಣ್ಣಿಗೆ ತಾಗಬೇಕು. ಎಲೆ ದಟ್ಟವಾಗಿ ನೆರಳು ಬಿದ್ದರೆ, ಯೂರಿಯಾ ಜಾಸ್ತಿಯಾಗಿ ಬಳ್ಳಿ ಸೊಕ್ಕಿದರೆ, ಗೊಂಚಲಾಗಬೇಕಾಗಿದ್ದದ್ದು ತಂತಿಗೆ ಸುತ್ತಿಕೊಳ್ಳುವ ಕುಡಿಯಾಗಿ ಹೋಗುತ್ತದೆ. ಅಕ್ಟೋಬರ್ ಚಾಟ್ನಿಗೆ ಮುಂಚೆ ತಿಳಿದ ರೈತರು ಕಡ್ಡಿಗಳನ್ನು ಲ್ಯಾಬಿಗೆ ಒಯ್ದು ಕಣ್ಣು ಪರೀಕ್ಷೆ ಮಾಡಿಸುತ್ತಾರೆ. ಬ್ಲೇಡಿನಿಂದ ಕಣ್ಣನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಪದರದೊಳಗಿನ ಪದರದಲ್ಲಿ ಗೊಂಚಲಿನ ಮೊಳಕೆ ಮುದುಡಿಕೊಂಡಿರುತ್ತದೆ. ಅದು ಎಷ್ಟನೇ ಕಣ್ಣಿನಲ್ಲಿದೆ ಅಂತ ಲೆಕ್ಕ ಹಾಕಿ ಅದರ ಮುಂದೆ ಕತ್ತರಿ ಇಡುತ್ತಾರೆ. ಅಲ್ಲಿ ಮೊಳಕೆಯೇ ಇಲ್ಲದಿದ್ದರೆ ಅಕ್ಟೋಬರ್‌ನಲ್ಲಿ ಕಣ್ಣು ಒಡೆಸುವ ಪೇಸ್ಟ್ ಹಚ್ಚಿದರೂ ಅಷ್ಟೇ, ಗೊಬ್ಬರ ಸುರಿದರೂ ಅಷ್ಟೇ. ಕಣ್ಣೇನೋ ಒಡೆಯುತ್ತದೆ, ಚಿಗುರೂ ಬರುತ್ತದೆ, ಗೊಂಚಲು ಬರುವುದಿಲ್ಲ.

ಮೂರು ದಿನದ ಉಜ್ಜೀವನ ಕೂಟಗಳ ಮೇಲೆ ನಾವು ಇಟ್ಟುಕೊಂಡಿರುವ ನಂಬಿಕೆ ಈ ಅಕ್ಟೋಬರ್ ಗೊಬ್ಬರದ ಮೇಲಿನ ನಂಬಿಕೆಯಂಥದ್ದು. ಕೂಟ ಬೇಡ ಅನ್ನುತ್ತಿಲ್ಲ. ಒಳಗೆ ಇದ್ದದ್ದನ್ನು ಅದು ಎಬ್ಬಿಸುತ್ತದೆ. ಇಲ್ಲದ್ದನ್ನು ಎಬ್ಬಿಸಲಾರದು. ಬಾಗಿಲು ಮುಚ್ಚಿ ಮಾಡಿದ ಪ್ರಾರ್ಥನೆ, ಯಾರಿಗೂ ವರದಿ ಒಪ್ಪಿಸದೆ ಓದಿದ ವಾಕ್ಯ, ಮನೆಯವರೊಡನೆ ನುಂಗಿಕೊಂಡ ಸಿಟ್ಟು, ಇವೆಲ್ಲ ಏಪ್ರಿಲ್‌ನಿಂದ ಜೂನ್‌ವರೆಗಿನ ಕೆಲಸ.

ಹೊಸದಾಗಿ ನೆಟ್ಟ ತೋಟದಲ್ಲಿ ಈ ತಾಳ್ಮೆ ಇನ್ನೂ ಹೆಚ್ಚು ಬೇಕು. ಮೊದಲು ಡಾಗ್‌ರಿಡ್ಜ್ ಎಂಬ ಬೇರುಗಿಡ (ಕಸಿಗೆ ಬೇರು ಒದಗಿಸುವ ಗಿಡ) ನೆಡಬೇಕು, ಅದು ಊರಿಕೊಂಡ ಮೇಲೆ ಮಳೆಗಾಲದ ಕೊನೆಗೆ ಕಸಿ ಕಟ್ಟಬೇಕು. ಆಮೇಲೆ ಕಾಂಡವನ್ನು ನೆಟ್ಟಗೆ ತಂತಿಗೆ ಏರಿಸಿ, ಎಡಕ್ಕೂ ಬಲಕ್ಕೂ ತೋಳು ಹಬ್ಬಿಸಬೇಕು. ನಡುವೆ ಗೊಂಚಲು ಕಂಡರೆ ಕಿತ್ತುಹಾಕಬೇಕು. ಕೈ ಬರುವುದಿಲ್ಲ, ನಿಜ. ಬಿಟ್ಟರೆ ಕಾಂಡ ದಪ್ಪವಾಗುವುದಿಲ್ಲ, ತೋಳು ಅರ್ಧಕ್ಕೇ ನಿಲ್ಲುತ್ತದೆ, ಬೇರು ಆಳಕ್ಕೆ ಇಳಿಯುವುದಿಲ್ಲ. ನಾಲ್ಕು ಗೊಂಚಲಿನ ಆಸೆಗೆ ಮುಂದಿನ ಎಷ್ಟೋ ವರ್ಷಗಳ ಬೆಳೆ ಸೊರಗುತ್ತದೆ.

ಯಾಜಕಕಾಂಡ 19:23-25 ಇದನ್ನೇ ಆಜ್ಞೆಯಾಗಿ ಹೇಳುತ್ತದೆ. ನೆಟ್ಟ ಮರದ ಹಣ್ಣನ್ನು ಮೂರು ವರ್ಷ ತಿನ್ನಬಾರದು, ನಾಲ್ಕನೆಯ ವರ್ಷದ್ದು ದೇವರಿಗೆ, ಐದನೆಯ ವರ್ಷದ್ದು ನಿಮಗೆ. ಸಭಾಧ್ಯಕ್ಷನಾಗುವವನು ಹೊಸ ವಿಶ್ವಾಸಿಯಾಗಿರಬಾರದು ಎಂದು 1 ತಿಮೊಥೆಯ 3:6ರಲ್ಲಿ ಬರೆಯುವಾಗ ಪೌಲ ಬಳಸಿದ ಗ್ರೀಕ್ ಪದ ನಿಯೋಫೂಟೋಸ್. ಅದರ ಅಕ್ಷರಾರ್ಥ 'ಹೊಸದಾಗಿ ನೆಟ್ಟದ್ದು'. ಕಾರಣವನ್ನೂ ಅಲ್ಲೇ ಕೊಡುತ್ತಾನೆ: ಅವನು ಗರ್ವದಿಂದ ಉಬ್ಬಿಹೋದಾನು. ನಮ್ಮ ರೈತರು ಬಳ್ಳಿಗೂ ಮನುಷ್ಯನಿಗೂ 'ಸೊಕ್ಕು' ಅನ್ನುವ ಒಂದೇ ಮಾತು ಬಳಸುವುದು ಸುಮ್ಮನೆ ಅಲ್ಲ.

ಪೌಲನೇ ದಮಸ್ಕದಲ್ಲಿ ತಕ್ಷಣ ಸಾರಿದನಲ್ಲ ಅಂತ ಕೆಲವರು ಕೇಳುತ್ತಾರೆ. ಹೌದು, ಅಪೊಸ್ತಲರ ಕೃತ್ಯಗಳು 9:20ರಲ್ಲಿ ಹಾಗೇ ಇದೆ. ಆದರೆ 22:3ನ್ನೂ ಓದಿ. ಗಮಲಿಯೇಲನ ಪಾದದ ಬಳಿ ಧರ್ಮಶಾಸ್ತ್ರ ಕಲಿತು ಬೆಳೆದವನು ಅವನು. ಹಳೆಯ ಬೇರಿನ ಮೇಲೆ ಹೊಸ ತಳಿ ಕಸಿ ಕಟ್ಟಿದರೆ ಬೇಗ ಹಣ್ಣಿಗೆ ಬರುತ್ತದೆ, ಬೇರು ಆಗಲೇ ಆಳದಲ್ಲಿರುತ್ತದೆ. ಹಾಗಿದ್ದೂ ಅರಬಸ್ಥಾನಕ್ಕೆ ಹೋಗಿ ಬಂದು, ಮೂರು ವರ್ಷವಾದ ಮೇಲೆಯೇ ಯೆರೂಸಲೇಮಿಗೆ ಹೋದೆನೆಂದು ಗಲಾತ್ಯದವರಿಗೆ ತಾನೇ ಬರೆಯುತ್ತಾನೆ.

ಇನ್ನೊಂದು ಮಾತು ಹೇಳದೆ ಇರಲಾರೆ. ಮಗುವನ್ನು ಕಳೆದುಕೊಂಡವರ, ಕೆಲಸ ಹೋದವರ ಮನೆಗೆ ಹೋಗಿ 'ದೇವರು ನಿಮ್ಮನ್ನು ಚಾಟ್ನಿ ಮಾಡುತ್ತಿದ್ದಾನೆ' ಅನ್ನುವವರಿದ್ದಾರೆ. ದಯವಿಟ್ಟು ಬೇಡ. ಯೋಹಾನ 15ರ ಎರಡನೆಯ ವಚನದಲ್ಲಿ 'ಶುದ್ಧಿಮಾಡುತ್ತಾನೆ' ಅನ್ನುವ ಕ್ರಿಯಾಪದವೂ ಮೂರನೆಯ ವಚನದಲ್ಲಿ 'ನಾನು ಹೇಳಿದ ವಾಕ್ಯದಿಂದ ನೀವು ಈಗ ಶುದ್ಧರಾಗಿದ್ದೀರಿ' ಅನ್ನುವಲ್ಲಿನ ಪದವೂ ಗ್ರೀಕಿನಲ್ಲಿ ಒಂದೇ ಧಾತುವಿನವು. ಆ ಅಧ್ಯಾಯದಲ್ಲಿ ಕತ್ತರಿಯ ಜಾಗದಲ್ಲಿ ನಿಂತಿರುವುದು ವಾಕ್ಯ, ಸಾವಲ್ಲ. ಕತ್ತರಿ ಇರುವುದೂ ತಂದೆಯ ಕೈಯಲ್ಲಿ, ಪಕ್ಕದ ಬೆಂಚಿನವರ ಕೈಯಲ್ಲಲ್ಲ.

ಹಾಗಾದರೆ ಮೊದಲ ವರ್ಷ ಏನು ಮಾಡಿಸಬೇಕು? ದೀಕ್ಷಾಸ್ನಾನವಾದವರಿಗೆ ಒಂದು ವರ್ಷ ಮೈಕ್ ಕೊಡಬೇಡಿ. ಸಾಕ್ಷಿ ಹೇಳಲಿ, ಮನೆಯಲ್ಲಿ, ಇಬ್ಬರು ಮೂವರ ಮುಂದೆ. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯಗಳಿವೆ. ದಿನಕ್ಕೆ ಅರ್ಧ ಅಧ್ಯಾಯ ಓದಿದರೂ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮುಗಿಯುತ್ತದೆ, ಮೂರು ಸಲ ಓದಿಸಿ. ಬಳ್ಳಿಗೆ ಊರುಗೋಲು ಕಟ್ಟುವ ಹಾಗೆ ಸಭೆಯ ಒಬ್ಬ ಹಿರಿಯರನ್ನು ಜೊತೆ ಮಾಡಿ, ವಾರಕ್ಕೊಮ್ಮೆ ಒಟ್ಟಿಗೆ ಊಟ ಮಾಡುವಷ್ಟು ಹತ್ತಿರದವರನ್ನು. ದಾರ ಬಿಗಿಯಾಗಿ ಕಟ್ಟಿದರೆ ಕಾಂಡದೊಳಕ್ಕೆ ಕೊರೆಯುತ್ತದೆ, ಆಗಾಗ ಸಡಿಲಿಸಿ ಕಟ್ಟುತ್ತಿರಬೇಕು. ಹೊಸಬರನ್ನು ಪ್ರಶ್ನೆ ಕೇಳದ ಹಾಗೆ ಹಿಡಿದಿಡುವ ಹಿರಿಯರು ನೆನಪಿಡಬೇಕಾದದ್ದು ಇದು.

ವರ್ಷ ಕಳೆದರೂ ಏನೂ ಕಾಣದವರ ವಿಷಯಕ್ಕೆ ಲೂಕ 13 ಇದೆ. ಮೂರು ವರ್ಷದಿಂದ ಹಣ್ಣಿಲ್ಲದ ಅಂಜೂರದ ಮರ, ಕಡಿದುಹಾಕು ಅನ್ನುತ್ತಾನೆ ಯಜಮಾನ. ತೋಟದ ಆಳು ಮರದ ಪರ ನಿಂತು ಇನ್ನೊಂದು ವರ್ಷ ಕೇಳುತ್ತಾನೆ. ಸುತ್ತಲೂ ಅಗೆಯುತ್ತೇನೆ, ಗೊಬ್ಬರ ಹಾಕುತ್ತೇನೆ ಅನ್ನುತ್ತಾನೆ. ಅಗೆಯುವವನೂ ಅವನೇ, ಗೊಬ್ಬರ ಹೊರುವವನೂ ಅವನೇ.