ಗೋವಿಂದ ಅಂದರು, ನಾನು ಏಳಲಿಲ್ಲ

ಇದನ್ನು ನಿಂತುಕೊಂಡು ಬರೆಯುತ್ತಿದ್ದೇನೆ. ಅಡುಗೆಮನೆ ಕಟ್ಟೆಯ ಮೇಲೆ, ಮಿಕ್ಸಿಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು. ಕೂರಲಿಕ್ಕೆ ಆಗುವುದಿಲ್ಲ ಅಂತಲ್ಲ. ಕೂರುವುದು ಸುಲಭ. ಅರ್ಧಕ್ಕೆ ಬಂದ ಮೇಲೆ ಅದು ತಾನಾಗಿಯೇ ಆಗುತ್ತದೆ. ತಕರಾರು ಇರುವುದು ಏಳುವ ವಿಷಯದಲ್ಲಿ.

ಕಾರಣ ನಮ್ಮ ಭಾವ. ವಯಸ್ಸು 66. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ ಹಳೆಯ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ನಮ್ಮದು, ಹಾಗಾಗಿ ಇಲ್ಲಿ ನಿವೃತ್ತ ಭಾವ ಅಂದರೆ ಸಾಧಾರಣವಾಗಿ ಬ್ಯಾಂಕಿನವರೇ. ಮೊದಲು ಊರವರ ಠೇವಣಿ ಲೆಕ್ಕ ಹಾಕುತ್ತಿದ್ದರು, ಈಗ ತಮ್ಮ ಹೆಜ್ಜೆ ಲೆಕ್ಕ ಹಾಕುತ್ತಾರೆ. ಮದುವೆ ಇರಲಿ, ಉತ್ತರಕ್ರಿಯೆಯ ಬೊಜ್ಜ ಇರಲಿ, ಎದುರಿಗೆ ಸಿಕ್ಕ ಕೂಡಲೇ ಕಿಸೆಯಿಂದ ಫೋನ್ ತೆಗೆದು ಮುಖದ ಹತ್ತಿರ ಹಿಡಿಯುತ್ತಾರೆ. "ನೋಡು ಮಾರಾಯ, ಹನ್ನೊಂದು ಸಾವಿರ. ನಿನ್ನದೆಷ್ಟು?" ನನ್ನ ಫೋನಿನಲ್ಲಿ ಆ ಲೆಕ್ಕವೇ ಇಲ್ಲ ಅಂದರೆ, ಪಾಸ್‌ಬುಕ್ ತಾರದೆ ಬಂದ ಗಿರಾಕಿಯನ್ನು ನೋಡಿದ ಹಾಗೆ ನೋಡುತ್ತಾರೆ.

ನನಗೂ ನೆಪಗಳಿದ್ದವು. ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಸುರಿಯುವ ಮಂಗಳೂರಿನಲ್ಲಿ "ಮಳೆ ಬಿಡಲಿ" ಅಂದರೆ ಯಾರೂ ಎದುರಾಡುವುದಿಲ್ಲ. ಮಳೆ ಬಿಟ್ಟ ಮೇಲೆ ಸೆಕೆ ಉಂಟಲ್ಲ. ಹೀಗೆ ಆರು ವರ್ಷ ಸಾಗಿತ್ತು. ಈ ಸಲ ಭಾವ ನನ್ನ ಹೆಂಡತಿಯ ಎದುರಿಗೇ ಕೇಳಿಬಿಟ್ಟರು: "ನಿನಗೆ 48 ಅಲ್ವಾ? ನೋಡಿದರೆ ನನಗಿಂತ ದೊಡ್ಡವನ ಹಾಗೆ ಕಾಣ್ತಿ." ಹೆಂಡತಿ ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.

ಮರುದಿನ ಗುರುವಾರ. ಬೆಳಿಗ್ಗೆ ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಓಡಿ ಹತ್ತಿದೆ, ಓಡಿ ಇಳಿದೆ. ಒಂದಲ್ಲ, ಮೂರು ಸಲ. ಮೂರನೆಯ ಸಲ ಹತ್ತುವಾಗ ಕಣ್ಣಿಗೆ ಲೈಟ್‌ಹೌಸ್ ಎರಡೆರಡು ಕಂಡಿತು, ಅದು ಬೇರೆ ವಿಷಯ. ಸಂಜೆಗೆ ನೋಡಿದರೆ ಮೈಗೆ ಎಂಥದೂ ಆಗಿಲ್ಲ! ಕಾಲು ಹೂವಿನ ಹಾಗಿದೆ. ಆ ಖುಷಿಯಲ್ಲಿ ಟಿವಿ ಎದುರು ನೂರು ಬಸ್ಕಿ ಹೊಡೆದೆ. ಎಂಬತ್ತರ ನಂತರದ್ದನ್ನು ಬಸ್ಕಿ ಅನ್ನಬಹುದೋ ಇಲ್ಲವೋ, ಲೆಕ್ಕಕ್ಕೆ ನೂರು.

ಅಭ್ಯಾಸ ತಪ್ಪಿದವನು ಓಡಿದರೆ ಬರುವ ಈ ನೋವು ಮಹಾ ಮೋಸದ್ದು. ಮಾಡುವಾಗ ಬರುವುದಿಲ್ಲ, ಮಾಡಿದ ದಿನವೂ ಬರುವುದಿಲ್ಲ. ನೀವು "ಪರವಾಗಿಲ್ಲ, ಇನ್ನೂ ಗಟ್ಟಿ ಇದ್ದೇನೆ" ಅಂದುಕೊಂಡು ಇನ್ನಷ್ಟು ಮಾಡುವ ತನಕ ಕಾಯುತ್ತದೆ. 24 ಗಂಟೆ ಕಳೆದ ಮೇಲೆ ಮೆಲ್ಲ ಬಾಗಿಲು ತಟ್ಟುತ್ತದೆ. 72 ಗಂಟೆಯೊಳಗೆ ಚಾವಡಿಯಲ್ಲಿ ಕಾಲು ಚಾಚಿ ಕೂತಿರುತ್ತದೆ.

ಶುಕ್ರವಾರ ಬಾಗಿಲು ತಟ್ಟಿತು. ಸಿಟಿ ಬಸ್ಸು ಹೇಗೋ ಹತ್ತಿದೆ. ಇಳಿಯುವಾಗ ತೊಡೆ ಕೇಳಲಿಲ್ಲ. ಮೆಟ್ಟಿಲ ಮೇಲೆ ಒಂದು ಕಾಲು, ಗಾಳಿಯಲ್ಲಿ ಒಂದು ಕಾಲು, ಬೆನ್ನ ಹಿಂದೆ ಕಂಡಕ್ಟರನ "ಜಪ್ಪುಲೆ, ಜಪ್ಪುಲೆ, ಬೇಗ!" ಇಳಿದೆ ಅನ್ನುವುದಕ್ಕಿಂತ ಉದುರಿದೆ ಅನ್ನಬೇಕು. ಇದೇ ನಾನು ಕಾಲೇಜಿನ ದಿನಗಳಲ್ಲಿ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಹೊರಟ ಬಸ್ಸನ್ನು ಹಂಪನಕಟ್ಟೆಯ ತಿರುವಿನಲ್ಲಿ ಓಡಿ ಹಿಡಿಯುತ್ತಿದ್ದೆ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಕಂಬಿ. ಆಗಿನ ಕಂಡಕ್ಟರ್ ನನಗಾಗಿ ಒಮ್ಮೆಯೂ ಬಸ್ಸು ನಿಲ್ಲಿಸಿದ್ದಿಲ್ಲ. ನಿಲ್ಲಿಸುವ ಅಗತ್ಯ ಅವನಿಗೂ ಕಂಡಿರಲಿಲ್ಲ, ನನಗೂ. ಉದುರಿದ ಜಾಗದಲ್ಲಿ ನಿಂತು ಹೋಗುವ ಬಸ್ಸನ್ನು ಸ್ವಲ್ಪ ಹೊತ್ತು ನೋಡಿದೆ. ನೋಡುವುದೇನು, ಕಾಲು ಮುಂದೆ ಹೋಗುತ್ತಲೂ ಇರಲಿಲ್ಲ.

ಶನಿವಾರ ಉಡುಪಿಯಲ್ಲಿ ಉಪನಯನ. ಊಟಕ್ಕೆ ಮೇಜು ಕುರ್ಚಿ ಇತ್ತು. ನಾನು ಆ ಕಡೆ ಹೊರಟಿದ್ದೆ ಕೂಡ. ಭಾವ ರಟ್ಟೆ ಹಿಡಿದರು. "ಟೇಬಲ್ ಊಟ ಮುದುಕರಿಗೆ. ಬಾ, ನೆಲದ ಪಂಕ್ತಿಯಲ್ಲಿ ಕೂರುವಾ." ಹೇಳಿ ತಾವು ಚಕ್ಕಳಮಕ್ಕಳ ಹಾಕಿ ಆರು ತಿಂಗಳ ಮಗುವಿನ ಹಾಗೆ ಕೂತರು. ನಾನು ಗೋಡೆಗೆ ಬೆನ್ನು ಒರಗಿಸಿ, ತೆಂಗಿನಮರದಿಂದ ಜಾರುವವನ ಹಾಗೆ ಜಾರುತ್ತಾ ಬಂದು ನೆಲ ಮುಟ್ಟಿದೆ.

ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕೋಸಂಬರಿ, ಸಾರು, ಗುಳ್ಳ ಬದನೆಯ ಹುಳಿ, ಎರಡು ಪಾಯಸ. ಎಲೆ ಕಂಡಾಗ ಕಾಲು ನೆನಪಾಗಲಿಲ್ಲ. ಆಮೇಲೆ ಹಿರಿಯರೊಬ್ಬರು ದೊಡ್ಡ ಸ್ವರದಲ್ಲಿ "ಗೋವಿಂದಾ..." ಅಂದರು. "ಗೋವಿಂದ!" ಅನ್ನುತ್ತಾ ಇಡೀ ಪಂಕ್ತಿ ಎದ್ದಿತು. ಗೋವಿಂದ ನಾನೂ ಅಂದೆ. ಏಳಲಿಲ್ಲ.

ಬಲಗೈ ಎಂಜಲು, ಊರುವ ಹಾಗಿಲ್ಲ. ಎಡಗೈ ಊರಿದರೆ ತೊಡೆ "ನಾನು ಬರುವುದಿಲ್ಲ" ಅನ್ನುತ್ತದೆ. ಒಂದು ಸಲ ಎರಡಂಗುಲ ಎದ್ದೆ, ಅಷ್ಟೇ ವೇಗದಲ್ಲಿ ವಾಪಸ್ ಬಂದೆ. ಎಲೆಯ ಎದುರು ಒಬ್ಬನೇ ಕೂತವನನ್ನು ಕಂಡು ಬಡಿಸುವ ಹುಡುಗ ಬಕೆಟ್ ಹಿಡಿದು ಓಡಿ ಬಂದ. "ಮಜ್ಜಿಗೆ ಬೇಕಿತ್ತಾ?"

ಏಳಲಾಗದವನು ಅನ್ನಿಸಿಕೊಳ್ಳುವುದಕ್ಕಿಂತ ಹೊಟ್ಟೆಬಾಕ ಅನ್ನಿಸಿಕೊಳ್ಳುವುದು ಮೇಲು ಅನ್ನಿಸಿತು. "ಹಾಕು," ಅಂದೆ.

ಕುಡಿದೆ. ಇನ್ನೊಮ್ಮೆ ಹಾಕಿಸಿಕೊಂಡೆ. ಮೂರನೆಯದಕ್ಕೆ ಹುಡುಗ ಒಳಗೆ ಹೋಗಿ ಸುದ್ದಿ ಹೇಳಿರಬೇಕು. ಅಡುಗೆ ಭಟ್ಟರೇ ಹೊರಗೆ ಬಂದರು. ತಮ್ಮ ಮಜ್ಜಿಗೆಯನ್ನು ಇಷ್ಟು ಪ್ರೀತಿಯಿಂದ ಕುಡಿಯುವವನನ್ನು ಕಂಡು ಅವರಿಗೆ ಸಂತೋಷ. "ಪಾಯಸ ಸ್ವಲ್ಪ ಉಳಿದಿದೆ, ತರುವುದಾ?" ಅಂದರು. ಅದನ್ನೂ ತಿಂದೆ. ಅಷ್ಟರಲ್ಲಿ ಅಕ್ಕಪಕ್ಕದ ಎಲೆ ತೆಗೆದಾಗಿತ್ತು, ನೆಲ ಒರೆಸುವವರು ನನ್ನ ಸುತ್ತ ಒರೆಸಿಕೊಂಡು ಹೋದರು, ಎರಡನೆಯ ಪಂಕ್ತಿಯವರು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. ಕೈ ತೊಳೆದು ಬಂದ ಭಾವ ದೂರದಿಂದಲೇ ಕೂಗಿದರು: "ಎಂತ ಮಾರಾಯ, ಏಳ್ಲಿಕ್ಕೆ ಆಗುದಿಲ್ವಾ?"

ಇಡೀ ಚಪ್ಪರ ತಿರುಗಿ ನೋಡಿತು.

ಕೊನೆಗೆ ಬಂದವನು ಉಪನಯನದ ವಟು. ಎಂಟು ವರ್ಷದ ಹುಡುಗ, ಮುಂಡನ ಮಾಡಿದ ತಲೆ, ಕೈಯಲ್ಲಿ ಆಗಷ್ಟೇ ಕೊಟ್ಟ ಮುತ್ತುಗದ ದಂಡ. ನನ್ನನ್ನು ನೋಡಿದ, ದಂಡ ನೋಡಿದ. "ಮಾವ, ಇದು ಬೇಕಾ?" ಬ್ರಹ್ಮಚಾರಿಯ ದಂಡ ಊರಿ ಎದ್ದ ಗೃಹಸ್ಥ ಆ ದಿನ ಉಡುಪಿಯಲ್ಲಿ ನಾನೊಬ್ಬನೇ ಇರಬೇಕು.

ವಾಪಸ್ ಬರುವಾಗ ಕಾರಿನಲ್ಲಿ ಭಾವನ ಉಪನ್ಯಾಸ. "ಅದೆಲ್ಲ ಲ್ಯಾಕ್ಟಿಕ್ ಆ್ಯಸಿಡ್. ನಾಳೆ ಪುನಃ ಓಡು, ಹೋಗ್ತದೆ." ಸೋಮವಾರ ಡಾಕ್ಟರ ಹತ್ತಿರ ಕೇಳಿದೆ. ಲ್ಯಾಕ್ಟಿಕ್ ಆ್ಯಸಿಡ್ ಓಡಿದ ಒಂದೆರಡು ಗಂಟೆಯಲ್ಲೇ ರಕ್ತದಿಂದ ಖಾಲಿಯಾಗುತ್ತದಂತೆ. ಶನಿವಾರದ ಪಾಯಸದವರೆಗೆ ಅದು ಕಾಯುವುದಿಲ್ಲ. ಅಭ್ಯಾಸ ತಪ್ಪಿದ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗಬೇಕಾದಾಗ ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳಾಗುತ್ತವೆ, ನೋವು ಅದರದ್ದು. ಗುಡ್ಡೆ ಇಳಿಯುವುದು, ಬಸ್ಕಿಯಲ್ಲಿ ಕೆಳಗೆ ಹೋಗುವುದು, ಎರಡರಲ್ಲೂ ಅದೇ ಕೆಲಸ. ನಾನು ಹತ್ತಿದ್ದಕ್ಕೆ ಹೆಮ್ಮೆಪಡುತ್ತಿದ್ದೆ. ಕಾಲು ಕೆಟ್ಟದ್ದು ಇಳಿದದ್ದರಿಂದ.

ಆಮೇಲೆ ಡಾಕ್ಟರು ಮುಖ ಸ್ವಲ್ಪ ಗಂಭೀರ ಮಾಡಿ ಕೇಳಿದರು: "ಮೂತ್ರ ಯಾವ ಬಣ್ಣ?" ಮಿತಿಮೀರಿ ಮಾಡಿದರೆ ಸ್ನಾಯು ಒಡೆದು, ಅದರೊಳಗಿನ ವಸ್ತು ರಕ್ತಕ್ಕೆ ಸೇರಿ, ಕಿಡ್ನಿಯನ್ನೇ ಕೆಡಿಸಬಹುದಂತೆ. ಹೆಸರು ರಾಬ್ಡೊಮಯೋಲಿಸಿಸ್. ಮೂತ್ರ ಕಷಾಯದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಬರಬೇಕು. ಎದೆನೋವು ಬಂದರೂ ಅಷ್ಟೇ. ನನ್ನದು ಹಾಗಲ್ಲ, ವಾರದೊಳಗೆ ಹೋಗುತ್ತದೆ. ನೋವು ಇಳಿದ ಮೇಲೆ ಹತ್ತು ಹದಿನೈದು ನಿಮಿಷದ ನಡಿಗೆಯಿಂದ ಸುರು ಮಾಡಿ, ಗುಡ್ಡೆ ಆಮೇಲೆ ನೋಡುವಾ, ಅಂದರು. ಅಲ್ಲಿಂದ ಬಂದವನು ಪ್ರತಿ ಸಲವೂ ಬಚ್ಚಲುಮನೆಯ ದೀಪ ಹಾಕಿ ಪರೀಕ್ಷೆ ಮಾಡುತ್ತಿದ್ದೇನೆ. ಸಂಜೆ ಹೆಂಡತಿ ಲೋಟದಲ್ಲಿ ಕಷಾಯ ತಂದಿಟ್ಟಳು. ಕುಡಿಯಲು ಮನಸ್ಸಾಗಲಿಲ್ಲ.

ಈಗಷ್ಟೇ ಭಾವನ ವಾಟ್ಸ್ಯಾಪ್ ಬಂತು. ಮೊದಲು ಇವತ್ತಿನ ಹೆಜ್ಜೆಯ ಫೋಟೋ, 12,408. ಕೆಳಗೆ: "ಆದಿತ್ಯವಾರ ಕಾರ್ಕಳ. ಬಾಹುಬಲಿ ಬೆಟ್ಟ ಹತ್ತುವಾ."

ಕಾರ್ಕಳದ ಬಾಹುಬಲಿ 42 ಅಡಿ. 1432ರಿಂದ ಅಲ್ಲೇ ನಿಂತಿದ್ದಾನೆ, ಒಮ್ಮೆಯೂ ಕೂತಿಲ್ಲ. ಯಾಕೆ ಅಂತ ನನಗೆ ಶನಿವಾರ ಗೊತ್ತಾಯಿತು.